ಟೈಮ್ ಆಫೀಸಿನ ಕಿಟಕಿ: ಉದ್ಯಮ ದಾಟುವ ಮಾನವ ಸಂಪನ್ಮೂಲ ವೃತ್ತಿ



ಹಳೆಯ ಕಾರ್ಖಾನೆಗಳ ಗೇಟಿನ ಪಕ್ಕದಲ್ಲಿ ಟೈಮ್ ಆಫೀಸ್ ಎಂಬ ಒಂದು ಕೋಣೆ ಇರುತ್ತಿತ್ತು. ಪಾಳಿಗೆ ಬಂದವರು ಕಾರ್ಡು ಪಂಚ್ ಮಾಡಿಯೇ ಒಳಗೆ ಹೋಗಬೇಕು. ಐದು ನಿಮಿಷ ತಡವಾದರೆ ಏನು ಕಡಿತ, ಅರ್ಧ ದಿನದ ರಜೆಗೆ ಯಾರ ಸಹಿ, ಓಟಿ ಹಣ ಯಾವ ತಿಂಗಳಿಗೆ ಎಂಬುದೆಲ್ಲ ಆ ಕೋಣೆಯ ಕಿಟಕಿಯಲ್ಲೇ ಇತ್ಯರ್ಥವಾಗುತ್ತಿತ್ತು. ಇಂದು ಗಾಜಿನ ಕಟ್ಟಡದ ಮೇಲ್ಮಹಡಿಯಲ್ಲಿ ಕೂರುವ ಮಾನವ ಸಂಪನ್ಮೂಲ ವಿಭಾಗ ಆ ಕಿಟಕಿಯ ವಂಶದ್ದೇ. ಹೆಸರು ಮಾತ್ರ ಬದಲಾಗುತ್ತ ಬಂದಿದೆ: ಕಾರ್ಮಿಕ ಕಲ್ಯಾಣಾಧಿಕಾರಿ, ಪರ್ಸನಲ್ ಆಫೀಸರ್, ಐಆರ್ (ಕೈಗಾರಿಕಾ ಸಂಬಂಧಗಳ) ಮ್ಯಾನೇಜರ್, ಕೊನೆಗೆ ಎಚ್‌ಆರ್. ಹೆಸರಿನ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಯಿತು. ಹಿಂದೆ ಈ ಕೆಲಸಕ್ಕೆ ಸೇರಿದ ಬಹುಪಾಲು ಮಂದಿ ಸೇರಿದ ಗೇಟಿನೊಳಗೇ ನಿವೃತ್ತರಾಗುತ್ತಿದ್ದರು. ಈಗ ಉಡುಪು ಕಾರ್ಖಾನೆಯಲ್ಲಿ ಶುರು ಮಾಡಿ, ವಾಹನದ ಬಿಡಿಭಾಗ ತಯಾರಿಸುವಲ್ಲಿಗೆ ಹೋಗಿ, ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕಳೆದು, ಸಾಫ್ಟ್‌ವೇರ್ ಕಂಪನಿಯಲ್ಲಿ ಹಿರಿಯ ಹುದ್ದೆಗೆ ಏರುವುದು ಸಾಮಾನ್ಯ. ವೈದ್ಯರಿಗೆ, ಗಣಿ ಎಂಜಿನಿಯರಿಗೆ ಈ ಸಲೀಸು ಇಲ್ಲ. ಲೆಕ್ಕಪರಿಶೋಧಕರಿಗೆ ಇದೆ, ಏಕೆಂದರೆ ರೂಪಾಯಿ ಎಲ್ಲ ಕಡೆಯೂ ರೂಪಾಯಿಯೇ. ಮನುಷ್ಯನ ದುಡಿಮೆಯೂ ಹಾಗೆ ಎಲ್ಲೆಡೆ ಸಲ್ಲುವ ಒಂದೇ ನಾಣ್ಯವೇ? ಅಲ್ಲ ಎಂಬುದು ನನ್ನ ವಾದ. ಉದ್ಯಮ ದಾಟುವುದು ತಪ್ಪಲ್ಲ. ಆದರೆ ದಾಟುವವರ ಕೈಚೀಲದಲ್ಲಿ ಬರುವುದು ಕಾನೂನು ಮತ್ತು ನಮೂನೆಗಳು ಮಾತ್ರ. ಕೆಲಸದ ಅರಿವು ಹಿಂದಿನ ಗೇಟಿನಲ್ಲೇ ಉಳಿದುಬಿಡುತ್ತದೆ. ಹೊಸ ಜಾಗದಲ್ಲಿ ಅದನ್ನು ಮೊದಲಿನಿಂದ ಕಲಿಯಲೇಬೇಕು ಎಂಬ ಕಟ್ಟುಪಾಡು ಈ ವೃತ್ತಿಯಲ್ಲಿ ಬೆಳೆಯಲಿಲ್ಲ. ಅದರ ಬೆಲೆಯನ್ನು ತೆರುತ್ತಿರುವವರು ದುಡಿಯುವವರು, ಕೆಲವೊಮ್ಮೆ ಮಾಲೀಕರು ಕೂಡ.

ಈ ಹುದ್ದೆ ಹುಟ್ಟಿದ್ದೇ ಒಂದು ರೋಗಕ್ಕೆ ಮದ್ದಾಗಿ. ಬ್ರಿಟಿಷರ ಕಾಲದ ಗಿರಣಿಗಳಲ್ಲಿ ಆಳುಗಳನ್ನು ಕರೆತರುವವನು, ಕೆಲಸ ಹಂಚುವವನು, ರಜೆ ಕೊಡುವವನು, ಬಿಡಿಸಿ ಕಳಿಸುವವನು ಎಲ್ಲವೂ ಮೇಸ್ತ್ರಿಯೇ. ಕೆಲಸ ಬೇಕಾದರೆ ಅವನಿಗೆ ಮಾಮೂಲು, ಉಳಿಯಬೇಕಾದರೆ ಮತ್ತೆ ಮಾಮೂಲು. ಭಾರತದ ಕಾರ್ಮಿಕರ ಸ್ಥಿತಿ ಪರಿಶೀಲಿಸಲು 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ 1931ರ ತನ್ನ ವರದಿಯಲ್ಲಿ ಈ ಅಧಿಕಾರವನ್ನು ಮೇಸ್ತ್ರಿಯ ಕೈಯಿಂದ ಕಿತ್ತು ಕಾರ್ಮಿಕ ಅಧಿಕಾರಿಯೊಬ್ಬರಿಗೆ ಕೊಡಬೇಕೆಂದು ಹೇಳಿತು. ಆ ಅಧಿಕಾರಿ ಜನರಲ್ ಮ್ಯಾನೇಜರನ ಹೊರತು ಬೇರಾರ ಕೈಕೆಳಗೂ ಇರಬಾರದು ಎಂದಿತು. ಅವರಲ್ಲಿ ಇರಬೇಕಾದ ಗುಣಗಳಾಗಿ ಆಯೋಗ ಪಟ್ಟಿ ಮಾಡಿದ್ದು ಪ್ರಾಮಾಣಿಕತೆ, ವ್ಯಕ್ತಿತ್ವ, ಹುರುಪು, ಎದುರಿಗಿರುವ ಮನುಷ್ಯನನ್ನು ಅರಿಯುವ ಶಕ್ತಿ, ಜೊತೆಗೆ ಭಾಷೆಯ ಹಿಡಿತ. ಸ್ವಾತಂತ್ರ್ಯದ ಮರುವರ್ಷ ಬಂದ 1948ರ ಕಾರ್ಖಾನೆ ಕಾಯಿದೆ ತನ್ನ 49ನೇ ಕಲಮಿನಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯ ಮಾಡಿತು. ಹಲವು ರಾಜ್ಯಗಳ ನಿಯಮಗಳು ಪದವಿಯ ಜೊತೆಗೆ ಇನ್ನೊಂದು ಅರ್ಹತೆಯನ್ನೂ ಕೇಳಿದವು: ಅಲ್ಲಿನ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಚೆನ್ನಾಗಿ ಬರಬೇಕು. ಪದವಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಭಾಷೆಯನ್ನು ಹಾಗೆ ಒಯ್ಯಲಾಗದು. ಊರು ಬದಲಾದರೆ ಮತ್ತೆ ಕಲಿಯಬೇಕು. ಕಾನೂನು ಬರೆದವರಿಗೆ ಆಗಲೇ ಗೊತ್ತಿದ್ದ ಈ ಮಾತು ಇಂದಿನ ನೇಮಕಾತಿ ಜಾಹೀರಾತುಗಳಲ್ಲಿ ಎಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಅಮೂರ್ತವಾಗಿ ಮಾತಾಡುವ ಬದಲು ಒಂದೇ ಒಂದು ವಸ್ತುವನ್ನು ಹಿಡಿದು ನೋಡೋಣ, ಹಾಜರಿಯನ್ನು. ಎಚ್‌ಆರ್ ಎಂಬ ಇಡೀ ಗೋಪುರ ನಿಂತಿರುವುದು ಈ ಅಡಿಗಲ್ಲಿನ ಮೇಲೆ. ಸಂಬಳ, ರಜೆ, ಪಿಎಫ್ ಎಂಬ ಭವಿಷ್ಯನಿಧಿ, ಇಎಸ್‌ಐ ವಿಮೆ, ಬೋನಸ್ ಎಲ್ಲವೂ ಹಾಜರಿಯಿಂದಲೇ ಹೊರಡುತ್ತವೆ. ಹಾಜರಿ ಎಂದರೆ ಏನು? ಕೋಲಾರದ ಚಿನ್ನದ ಗಣಿಯಲ್ಲಿ ಅದು ಕಾಲ ಮತ್ತು ಆಳ ಎರಡರ ಲೆಕ್ಕವಾಗಿತ್ತು. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಕೆಲಸದ ಜಾಗಕ್ಕೆ ಇಳಿಯುವುದೇ ಒಂದು ಪ್ರಯಾಣ, ಮೇಲೇರುವುದು ಇನ್ನೊಂದು. ನೆಲದಡಿಯ ದುಡಿಮೆಯ ಹೊತ್ತನ್ನು ಕಲ್ಲಿನ ಮುಂದೆ ನಿಂತ ಗಳಿಗೆಯಿಂದ ಎಣಿಸುವುದಲ್ಲ, ಭೂಮಿಯ ಮೇಲ್ಮೈ ಬಿಟ್ಟಲ್ಲಿಂದ ಎಣಿಸಬೇಕು ಎಂಬ ತತ್ವ ಗಣಿ ಕಾಯಿದೆಯಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. ಅದೇ ಗಣಿಗಳಲ್ಲಿ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆಯ ವಿರುದ್ಧ. ಆಡಳಿತಕ್ಕೆ ಅದು ಗುರುತಿನ ಸುಲಭ ವಿಧಾನ, ಗಣಿಯವನಿಗೆ ಕಳ್ಳನಿಗೆ ಹಚ್ಚುವ ಮಸಿ. ಇಂದು ನಾವು ಬೆರಳಿಟ್ಟು ಹಾಜರಿ ಹಾಕುವ ಯಂತ್ರದ ಮುಂದೆ ಯಾವ ಮುಜುಗರವೂ ಇಲ್ಲದೆ ಸಾಲು ನಿಲ್ಲುತ್ತೇವೆ. ಒಂದೇ ಕ್ರಿಯೆಗೆ ಒಂದು ಜಾಗದಲ್ಲಿ, ಒಂದು ಕಾಲದಲ್ಲಿ ಎಂಥ ಅರ್ಥ ಅಂಟಿರುತ್ತದೆ ಎಂಬುದನ್ನು ಅರಿಯದವರು ಎಷ್ಟೇ ದೊಡ್ಡ ಪದವೀಧರರಾದರೂ ಅಲ್ಲಿ ಹೊಸಬರೇ.

ಗಣಿ ಬಿಟ್ಟು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಬನ್ನಿ. ವರ್ಷದ ಬಹುಭಾಗ ಅಲ್ಲಿ ದಿನಗೂಲಿ, ತೋಟದ ಗುಮಾಸ್ತರಾದ ರೈಟರು ಚೆಕ್‌ರೋಲ್ ಎಂಬ ಹಾಜರಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಹಣ್ಣು ಕೊಯ್ಯುವ ಕಾಲ ಬಂದಾಗ ಲೆಕ್ಕ ತಲೆಯಿಂದ ತಕ್ಕಡಿಗೆ ಜಾರುತ್ತದೆ. ಸಂಜೆ ತೂಗಿದ ಕೆ.ಜಿ.ಯೇ ಆ ದಿನದ ಹಾಜರಿ. ಗಿಡದಲ್ಲಿ ಹಣ್ಣು ತೆಳುವಾಗಿದ್ದರೆ ಇಡೀ ದಿನ ಬೆವರು ಸುರಿಸಿದವರಿಗೂ ತೂಕ ಬರದು. ಆದ್ದರಿಂದ ಯಾರನ್ನು ಯಾವ ಪಟ್ಟೆಗೆ ಕಳಿಸಿದರು ಎಂಬುದೇ ಅಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆ. ಉಡುಪು ಕಾರ್ಖಾನೆಯಲ್ಲಿ ಹಾಜರಿ ಒಬ್ಬಳ ಸ್ವಂತ ವಿಷಯವಲ್ಲ, ಇಡೀ ಲೈನಿನದು. ಕಾಲರ್ ಕೂರಿಸುವ ಟೇಲರ್ ಒಬ್ಬಳು ಬರದಿದ್ದರೆ ಅವಳ ಹಿಂದೆ ಬಟ್ಟೆ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬೈಯತೊಡಗುತ್ತಾನೆ. ಅಲ್ಲಿನ ಬೈಗುಳವನ್ನು ವ್ಯಕ್ತಿಯ ದುರ್ಗುಣವೆಂದು ತಿಳಿದು ತರಬೇತಿ ಶಿಬಿರ ನಡೆಸುವವರು ಲೈನಿನ ಲೆಕ್ಕವನ್ನೇ ನೋಡಿಲ್ಲ. ಆಸ್ಪತ್ರೆಯಲ್ಲಿ ಮುಂದಿನ ಪಾಳಿಯ ನರ್ಸ್ ಬಂದು ರೋಗಿಗಳನ್ನು ವಹಿಸಿಕೊಳ್ಳುವವರೆಗೆ ಈ ಪಾಳಿಯವರ ಕೆಲಸ ಮುಗಿಯುವುದಿಲ್ಲ, ಗಡಿಯಾರ ಏನೇ ಹೇಳಲಿ. ಸಾಫ್ಟ್‌ವೇರಿನಲ್ಲಿ ಕಾರ್ಡು ಸ್ವೈಪ್ ಮಾಡಿ ಒಳಹೋದವರು ಬೆಂಚಿನ ಮೇಲಿದ್ದರೆ, ಅಂದರೆ ಯಾವ ಪ್ರಾಜೆಕ್ಟಿಗೂ ಸೇರದೆ ಕಾಯುತ್ತಿದ್ದರೆ, ಹಾಜರಿದ್ದೂ ಹಾಜರಿಲ್ಲದವರು. ರಾತ್ರಿ ಮನೆಯಿಂದ ಅಮೆರಿಕದ ಗ್ರಾಹಕರ ಜೊತೆ ಮಾತಾಡುವವರು ಹಾಜರಿ ಇಲ್ಲದೆಯೂ ದುಡಿಯುತ್ತಿರುವವರು. ಪದ ಒಂದೇ, ವಸ್ತು ಐದು.

ಇದಕ್ಕೆ ಮೊದಲ ಆಕ್ಷೇಪ ಗೊತ್ತಿರುವುದೇ: ಕೆಲಸ ಬೇರೆಯಾದರೇನು, ಕಾನೂನು ಒಂದೇ ತಾನೆ, ಕೈಗಾರಿಕಾ ವಿವಾದ, ಭವಿಷ್ಯನಿಧಿ, ಗ್ರಾಚ್ಯುಟಿ ಬಲ್ಲವರು ಎಲ್ಲಿದ್ದರೂ ನಿಭಾಯಿಸುತ್ತಾರೆ. ಅರ್ಧ ನಿಜ. ಆದರೆ ಕಾನೂನೇ ಒಂದಾಗಿರಲಿಲ್ಲ. ಕಾರ್ಖಾನೆಗೆ 1948ರದು, ತೋಟಕ್ಕೆ 1951ರದು, ಗಣಿಗೆ 1952ರದು, ಬಸ್ಸು ಲಾರಿಗಳ ಸಾರಿಗೆಗೆ 1961ರದು, ಬೀಡಿಗೆ 1966ರದು ಹೀಗೆ ಸಂಸತ್ತು ಬೇರೆ ಬೇರೆ ಕಾಯಿದೆ ಮಾಡಿದ್ದು ಹವ್ಯಾಸಕ್ಕಲ್ಲ. ತೋಟದಲ್ಲಿ ಕಾರ್ಮಿಕರು ಲೈನ್ ಮನೆಗಳಲ್ಲೇ ಬದುಕುತ್ತಾರೆ, ಆದ್ದರಿಂದ ಮನೆ, ನೀರು, ಮಕ್ಕಳ ಶಾಲೆಯೂ ಕಾಯಿದೆಯೊಳಗೆ ಬಂದವು. ಕಾರ್ಖಾನೆಯಲ್ಲಿ ಮನೆ ಗೇಟಿನ ಹೊರಗಿನ ಸಂಗತಿ. ಈಗ ಇಪ್ಪತ್ತೊಂಬತ್ತು ಕೇಂದ್ರ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಹೆಣೆದು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಅದರಿಂದ ಓದಬೇಕಾದ ಪುಸ್ತಕ ಕಡಿಮೆಯಾದೀತು. ಗಣಿಯ ಆಳ, ತೋಟದ ತಕ್ಕಡಿ ಕಡಿಮೆಯಾಗುವುದಿಲ್ಲ.

ಈ ವಾದಕ್ಕೆ ನಮ್ಮ ನೆಲದಲ್ಲೇ ಒಂದು ದೊಡ್ಡ ಸಾಕ್ಷ್ಯವಿದೆ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆ ಆಮೇಲೆ ಕೊಟ್ಟ ಪ್ರಾಥಮಿಕ ವರದಿ ಓದಿದರೆ ಕಲ್ಲು ಎತ್ತುವ ಮೊದಲು ಏನೆಲ್ಲ ಕುಸಿದಿತ್ತು ಎಂಬುದು ತಿಳಿಯುತ್ತದೆ. ಐದು ಸಾವಿರದಷ್ಟಿದ್ದ ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲೇ ಹತ್ತು ಸಾವಿರ ದಾಟಿತ್ತು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು, ಆದರೆ ಹಾಜರಿಯ ಲೆಕ್ಕ ಆ ಬದಲಾವಣೆಯ ಹಿಂದೆ ಓಡಲಿಲ್ಲ. ದುಡಿದ ದಿನ ದಾಖಲಾಗದೆ, ಕೈಗೆ ಬರಬೇಕಾದ ಹಣ ಬರದೆ ಹೋಯಿತು. ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲ ಸಿಬ್ಬಂದಿಯೊಂದಿಗೆ ಎಚ್‌ಆರ್ ವಿಭಾಗವನ್ನು ಸಮರ್ಪಕವಾಗಿ ಕಟ್ಟಿರಲಿಲ್ಲ ಎಂದೂ ವರದಿ ಹೇಳಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಒಪ್ಪಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದು ಕ್ಷಮೆ ಕೇಳಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಜಗತ್ತಿನ ಅತಿ ಸೂಕ್ಷ್ಮ ಯಂತ್ರಗಳಲ್ಲಿ ಒಂದನ್ನು ಜೋಡಿಸುತ್ತಿದ್ದ ಜಾಗದಲ್ಲಿ ಕೆಟ್ಟು ನಿಂತದ್ದು ಹಾಜರಿ ಪುಸ್ತಕ.

ನರಸಾಪುರದ ಪಾಠ ಕಾನೂನಿನ ಅಜ್ಞಾನವಷ್ಟೇ ಅಲ್ಲವೇ, ಅದು ನಿಮ್ಮ ವಾದಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು. ಕಾನೂನು ಬಲ್ಲವರು ಇರಬೇಕಿತ್ತು, ಒಪ್ಪಿದೆ. ಆದರೆ ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತು ದುಡಿದು, ಹಳ್ಳಿಗೆ ಕಂಪನಿಯ ಬಸ್ಸಿನಲ್ಲಿ ಮರಳುವ, ಗುತ್ತಿಗೆದಾರರ ಮೂಲಕ ಸೇರಿದ ಹುಡುಗ ಹುಡುಗಿಯರಿಗೆ ಐನೂರು ರೂಪಾಯಿ ಕಡಿಮೆ ಬಂದರೆ ಅದು ದೂರಿನ ಪೆಟ್ಟಿಗೆಗೆ ಹಾಕುವ ಚೀಟಿಯಲ್ಲ, ಮನೆಯಲ್ಲಿ ಅಪ್ಪನ ಎದುರು ಕೊಡಬೇಕಾದ ಉತ್ತರ. ಅದನ್ನು ಊಹಿಸಬಲ್ಲವರು ಆ ಕಿಟಕಿಯಲ್ಲಿ ಇದ್ದಿದ್ದರೆ ಲೆಕ್ಕದ ತಂತ್ರಾಂಶ ಸರಿಯಾಗುವವರೆಗೆ ಕೈಬರಹದ ಮಸ್ಟರ್ ರೋಲಿಗಾದರೂ ಮರಳುತ್ತಿದ್ದರು. ಕಾನೂನು ಸಂಬಳ ಕೊಡಬೇಕಾದ ತಾರೀಖು ಹೇಳುತ್ತದೆ. ಆ ತಾರೀಖಿಗೆ ಮನೆಯಲ್ಲಿ ಏನು ಕಾದಿದೆ ಎಂಬುದನ್ನು ಜಾಗವೇ ಹೇಳಬೇಕು.

ಇದೇ ಸತ್ಯ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಂಡದ್ದು 2016ರ ಏಪ್ರಿಲ್ 18 ಮತ್ತು 19ರಂದು. ಬೆಂಗಳೂರಿನ ಹೊಸೂರು ರಸ್ತೆಯೂ ಸೇರಿ ಹಲವೆಡೆ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಕಾರಣ, ಆ ವರ್ಷದ ಫೆಬ್ರವರಿಯಲ್ಲಿ ಹೊರಟ ಒಂದು ಅಧಿಸೂಚನೆ: ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಬರೆದವರ ಕಣ್ಣಲ್ಲಿ ಅದು ಒಳ್ಳೆಯ ಉದ್ದೇಶದ್ದೇ, ಮುಪ್ಪಿಗೆ ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಪಿಎಫ್ ಎಂದರೆ ಮುಪ್ಪಲ್ಲ. ಮಗಳ ಮದುವೆ, ಅಡವಿಟ್ಟ ಒಡವೆ, ಮನೆ ಬಾಡಿಗೆಯ ಅಡ್ವಾನ್ಸ್. ಕೆಲವು ವರ್ಷಕ್ಕೊಮ್ಮೆ ಕೆಲಸ ಬಿಟ್ಟು, ಪಿಎಫ್ ತೆಗೆದು, ಪಕ್ಕದ ಕಾರ್ಖಾನೆಗೆ ಸೇರುವುದು ಆ ಉದ್ಯಮದಲ್ಲಿ ಬೇರೂರಿದ ರೂಢಿ. ಯಾವ ಸಂಘವೂ ಮುಂದೆ ನಿಂತು ಕರೆಕೊಡದೆ ಎದ್ದ ಆ ಅಲೆಗೆ ಎರಡನೆಯ ದಿನವೇ ಕೇಂದ್ರ ಸರಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಎಚ್‌ಆರ್ ವಿಭಾಗಗಳಿಗೆ ನಿಯಮ ಗೊತ್ತಿತ್ತು, ನಮೂನೆ ಗೊತ್ತಿತ್ತು. ಆ ಹಣಕ್ಕೆ ಅಲ್ಲಿ ಇದ್ದ ಅರ್ಥ ತಿಳಿದು ಮುಂಚೆಯೇ ಎಚ್ಚರಿಸಿದವರು ಇದ್ದಿದ್ದರೆ ರಸ್ತೆ ತುಂಬುತ್ತಿರಲಿಲ್ಲ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರ ತಮ್ಮ ಪುಸ್ತಕದಲ್ಲಿ ಕಲಿಕೆಯನ್ನು ಎರಡಾಗಿ ಬೇರ್ಪಡಿಸಿದರು: ಎಲ್ಲಿ ಹೋದರೂ ಸಲ್ಲುವುದು, ಒಂದೇ ಸಂಸ್ಥೆಯಲ್ಲಿ ಮಾತ್ರ ಸಲ್ಲುವುದು. ಮೊದಲನೆಯದಕ್ಕೆ ನೌಕರ ತಾನೇ ಖರ್ಚು ಮಾಡುತ್ತಾನೆ, ಎರಡನೆಯದರ ಖರ್ಚಿನಲ್ಲಿ ಸಂಸ್ಥೆಗೆ ಪಾಲು ಇರಬೇಕು ಎಂಬುದು ಅವರ ತರ್ಕದ ಸಾರ. ನಮ್ಮ ಎಚ್‌ಆರ್ ಶಿಕ್ಷಣ ಮೊದಲನೆಯದರ ಮೇಲೆ ಇಡೀ ಭಾರ ಹಾಕಿದೆ. ಸಲ್ಲುವ ಸಾಧನಗಳ ಮೋಹ ಎಷ್ಟೆಂದರೆ, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜ್ಯಾಕ್ ವೆಲ್ಚ್ ಕಾಲದಲ್ಲಿ ಹೆಸರಾದ ಶ್ರೇಯಾಂಕ ಪದ್ಧತಿ, ಅಂದರೆ ಮೇಲಿನ 20 ಭಾಗಕ್ಕೆ ಬಹುಮಾನ, ಕೆಳಗಿನ 10 ಭಾಗಕ್ಕೆ ಬಾಗಿಲು ತೋರಿಸುವ ಲೆಕ್ಕ, ಕೆಲಸದ ಸ್ವರೂಪ ನೋಡದೆ ಊರೂರಿಗೆ ಹಬ್ಬಿತು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಅಂಟಿಕೊಂಡಿರುವ ತಂಡದಲ್ಲಿ ಆ ಗೆರೆ ಎಳೆಯುವುದು ಅಡಿಗೆಮನೆಯಲ್ಲಿ ಉಪ್ಪಿಗೂ ಹುಳಿಗೂ ಅಂಕ ಕೊಟ್ಟಂತೆ. ಮೈಕ್ರೋಸಾಫ್ಟ್ 2013ರಲ್ಲಿ ಅಂಥ ಶ್ರೇಯಾಂಕ ಪದ್ಧತಿಯನ್ನು ಕೈಬಿಟ್ಟಿತು. ಸಂಶೋಧಕ ಬೋರಿಸ್ ಗ್ರೋಯ್ಸ್‌ಬರ್ಗ್ ಅಮೆರಿಕದ ಷೇರುಪೇಟೆಯ ಸಾವಿರಕ್ಕೂ ಹೆಚ್ಚು ಖ್ಯಾತ ವಿಶ್ಲೇಷಕರ ವೃತ್ತಿಜೀವನ ನೋಡಿ ಕಂಡದ್ದೂ ಇದನ್ನೇ ಹೋಲುತ್ತದೆ: ಸಂಸ್ಥೆ ಬದಲಿಸಿದ ಎಷ್ಟೋ ತಾರೆಯರು ಹೊಸ ಜಾಗದಲ್ಲಿ ಮಂಕಾದರು. ಒಂದೇ ಉದ್ಯಮದೊಳಗೆ, ಒಂದೇ ಕೆಲಸದಲ್ಲಿ ಇದ್ದವರ ಗತಿ ಇದು. ಉದ್ಯಮವನ್ನೇ ದಾಟುವವರು ಇನ್ನಷ್ಟು ವಿನಯ ಇಟ್ಟುಕೊಳ್ಳಬೇಡವೇ?

ಎರಡನೆಯ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿ. ಒಳಗೇ ಬೆಳೆದವರ ಕಣ್ಣಿಗೆ ಪೊರೆ ಬಂದಿರುತ್ತದೆ, ಹೊರಗಿನವರಿಗೆ ಮಾತ್ರ ಅನ್ಯಾಯ ಅನ್ಯಾಯವಾಗಿ ಕಾಣುತ್ತದೆ. ಇದನ್ನು ತಳ್ಳಿಹಾಕುವ ಹಾಗಿಲ್ಲ. ವಿಟ್ಲಿ ಆಯೋಗ ಮಾಡಿದ್ದೂ ಅದೇ ಅಲ್ಲವೇ, ಒಳಗಿನ ಮೇಸ್ತ್ರಿಯ ಬದಲು ಹೊರಗಿನ ಅಧಿಕಾರಿ? ಬೈಗುಳವನ್ನೇ ನಿರ್ವಹಣೆ ಎಂದುಕೊಂಡಿರುವ ಜಾಗಕ್ಕೆ, ಲೈಂಗಿಕ ಕಿರುಕುಳ ತಡೆಗೆ 2013ರ ಕಾಯಿದೆಯಂತೆ ಸಮಿತಿ ರಚಿಸಿ ಅಭ್ಯಾಸವಿರುವ ಕಡೆಯಿಂದ ಒಬ್ಬರು ಬಂದರೆ ಅದು ಲಾಭವೇ. ಗಣಿಯಲ್ಲಿ ಸುರಕ್ಷೆಯ ಕಟ್ಟುನಿಟ್ಟು ಕಂಡವರು ಗೋದಾಮಿಗೆ ಹೋದರೆ ಅಲ್ಲಿನ ಸಡಿಲು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಆದರೆ ಹೊರಗಿನ ಕಣ್ಣು ತಪ್ಪನ್ನು ಕಾಣುತ್ತದೆ, ಅದರ ಬೇರನ್ನು ಕಾಣಲು ಒಳಗೆ ನಿಂತಿರಬೇಕು. ಆಯೋಗ ಹೊರಗಿನವರನ್ನು ತಂದಾಗಲೂ ಭಾಷೆ ಕೇಳಿದ್ದು ಅದಕ್ಕೇ. ಹೊರಗಿನವರಾಗಿ ಬರುವುದು ಅನುಕೂಲ, ಹೊರಗಿನವರಾಗಿಯೇ ಉಳಿಯುವುದು ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬಿಡುವ ಈಗಿನ ಓಟದಲ್ಲಿ ಅನೇಕರು ಹೊರಗಿನವರಾಗಿ ಬಂದು ಹೊರಗಿನವರಾಗಿಯೇ ಹೊರಡುತ್ತಾರೆ.

ಹಾಗೆಂದು ದಾಟುವವರನ್ನು ಬೈಯುವುದೂ ಅನ್ಯಾಯ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಬಿನ್ನಿ ಬಟ್ಟೆ ಮಿಲ್ಲಿನ ಜಾಗದಲ್ಲಿ ಈಗ ಸೈರನ್ ಕೂಗುವುದಿಲ್ಲ. ಉದ್ಯಮವೇ ಸಾಯುವಾಗ ಅದರ ಸಿಬ್ಬಂದಿ ಅಧಿಕಾರಿ ನಿಷ್ಠೆಯ ಹೆಸರಿನಲ್ಲಿ ಗೋಡೆಗೆ ಒರಗಿ ಕೂರಬೇಕೇ? ಸಂಬಳ, ಬಡ್ತಿ, ಮಕ್ಕಳ ಶಾಲೆ ಅವರಿಗೂ ಇವೆ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕಲ್ಯಾಣಾಧಿಕಾರಿಗೆ ಸಂಬಳ ಕೊಡುವವರು ಮಾಲೀಕರು, ಕರ್ತವ್ಯ ಗೊತ್ತುಪಡಿಸುವುದು ಸರಕಾರ, ಎದುರಿಗೆ ನಿಲ್ಲುವವರು ಕಾರ್ಮಿಕರು. ಮೂವರ ನಡುವೆ ಒಂದೇ ಜಾಗದಲ್ಲಿ ಬಹುಕಾಲ ಪ್ರಾಮಾಣಿಕವಾಗಿ ನಿಲ್ಲುವುದು ಕಷ್ಟ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲೇ ಮ್ಯಾನೇಜ್‌ಮೆಂಟಿನ ಪರವಾಗಿ ವಿವಾದಗಳನ್ನು ನಡೆಸುವ ಕೆಲಸಕ್ಕೆ ಕಲ್ಯಾಣಾಧಿಕಾರಿಯನ್ನು ಹಚ್ಚಬಾರದು ಎಂದಿತು. ಆ ಸಲಹೆ ಕಾಗದದಲ್ಲಿ ಉಳಿಯಿತು. ಆದರೂ ಒಂದೇ ಕಡೆ ಉಳಿದವರ ಮೇಲೆ ಒಂದು ಅಂಕುಶವಿತ್ತು. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ 1980-81ರಲ್ಲಿ 77 ದಿನ ಮುಷ್ಕರ ನಡೆದಾಗ, ಮುಷ್ಕರ ಮುಗಿದ ಮರುದಿನವೂ ಅದೇ ಕಾರ್ಮಿಕರ ಮುಖ ನೋಡಿ ಕೆಲಸ ಮಾಡಬೇಕಾದ ಅಧಿಕಾರಿಗಳು ಮಾತಿನಲ್ಲಿ ಎಚ್ಚರ ಇಟ್ಟುಕೊಳ್ಳಲೇಬೇಕಿತ್ತು. ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗುವವರಿಗೆ ಆ ಅಂಕುಶ ಇರುವುದಿಲ್ಲ. ಒಂದೇ ಜಾಗದಲ್ಲಿ ಉಳಿಯುವುದರ ಪ್ರಯೋಜನ ಅನುಭವಕ್ಕಿಂತ ಹೆಚ್ಚಾಗಿ ಈ ಅಂಕುಶದಲ್ಲಿತ್ತು ಎಂದು ನನಗೆ ತೋರುತ್ತದೆ.

ಈ ವೃತ್ತಿಯ ಹೆಸರೂ ಒಂದು ಮಾತಿಗೆ ಅರ್ಹ. 1975ರಲ್ಲಿ ನಿರ್ವಹಣಾ ತಜ್ಞರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರ ಸಲಹೆಯಂತೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಮಾನವ ಸಂಪನ್ಮೂಲ ಅಭಿವೃದ್ಧಿ ವಿಭಾಗ ತೆರೆದಾಗ ಒತ್ತು ಇದ್ದದ್ದು ಅಭಿವೃದ್ಧಿಯ ಮೇಲೆ. 1985ರಲ್ಲಿ ಶಿಕ್ಷಣ ಸಚಿವಾಲಯಕ್ಕೂ ಆ ಹೆಸರು ಬಂತು, 2020ರಲ್ಲಿ ಹೋಯಿತು. ಕಂಪನಿಗಳಲ್ಲಿ ಅಭಿವೃದ್ಧಿ ಉದುರಿ ಸಂಪನ್ಮೂಲ ಉಳಿಯಿತು. ಸಂಪನ್ಮೂಲ ಎಂದು ಕರೆದ ಮೇಲೆ ಅದಿರಿನಂತೆ ಎಲ್ಲಿಂದ ಎಲ್ಲಿಗಾದರೂ ಸಾಗಿಸಬಹುದು ಎಂಬ ಭಾವನೆ ತಾನಾಗಿ ಬರುತ್ತದೆ, ನಿರ್ವಹಿಸುವವರ ಬಗ್ಗೆಯೂ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಸಂಹಿತೆಗಳಲ್ಲಿ ಕಲ್ಯಾಣಾಧಿಕಾರಿಯ ಮಿತಿ 500ರಿಂದ 250 ಕಾರ್ಮಿಕರಿಗೆ ಇಳಿದಿದೆ. ಅಂದರೆ ಈ ಹುದ್ದೆಗಳು ಇನ್ನೂ ಹೆಚ್ಚಲಿವೆ, ಇದುವರೆಗೆ ಇಂಥ ಅಧಿಕಾರಿಯನ್ನು ಕಾಣದ ನಡುಗಾತ್ರದ ಕಾರ್ಖಾನೆಗಳಿಗೂ ಬರಲಿವೆ. ನಿಯಮ ರೂಪಿಸುವವರಲ್ಲಿ ನನ್ನ ಕೋರಿಕೆ ಎರಡು. ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಬರಬೇಕು ಎಂಬ ಹಳೆಯ ಅರ್ಹತೆಯನ್ನು ಸಡಿಲಿಸಬೇಡಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಆ ಭಾಷೆ ಕನ್ನಡದ ಜೊತೆಗೆ ಹಿಂದಿಯೋ ಒಡಿಯಾವೋ ಆಗಿದ್ದರೆ ಅದನ್ನೂ ಕಲಿಯಲಿ. ಇನ್ನೊಂದು, ಬೇರೆ ಉದ್ಯಮದಿಂದ ಬಂದ ಅಧಿಕಾರಿ ಮೊದಲ ಮೂರು ತಿಂಗಳು ಮೂರೂ ಪಾಳಿಗಳಲ್ಲಿ ಕೆಲಸದ ಜಾಗದಲ್ಲೇ ಇರಬೇಕು, ಆ ಅವಧಿಯಲ್ಲಿ ಅವರಿಗೆ ಯಾರ ಮೇಲೂ ಶಿಸ್ತುಕ್ರಮಕ್ಕೆ ಸಹಿ ಹಾಕುವ ಅಧಿಕಾರ ಕೊಡಬಾರದು. ಈ ಮೂರು ತಿಂಗಳ ಖರ್ಚು ಕಂಪನಿಯದು. ಸಮಾಜಕಾರ್ಯ ಮತ್ತು ನಿರ್ವಹಣಾ ವಿಭಾಗಗಳ ವಿದ್ಯಾರ್ಥಿಗಳು ಈ ಸಭೆಯಲ್ಲಿ ಇದ್ದೀರಿ. ನಿಯಮ ಬರುವವರೆಗೆ ಕಾಯಬೇಡಿ. ಹೊಸ ಕಂಪನಿಗೆ ಸೇರಿದ ಮೊದಲ ದಿನ ಸಂಸ್ಥೆಯ ಧ್ಯೇಯವಾಕ್ಯದ ಪುಸ್ತಿಕೆ ಕೊಡುತ್ತಾರೆ. ಅದನ್ನು ಆಮೇಲೆ ಓದಿ, ಕಳೆದ ತಿಂಗಳ ಹಾಜರಿ ಮತ್ತು ಸಂಬಳದ ಪಟ್ಟಿಯನ್ನು ಮೊದಲು ಕೇಳಿ.